ಲಕ್ಕವಳ್ಳಿಯ ರಿವರ್ ಟರ್ನ್ ಲಾಡ್ಜ್: ಬೇಸಿಗೆಯಲ್ಲಿ ಹೋಗಿ, ಬೋಟಿಗಾಗಿ ಹೋಗಿ

ಹಾರುವ ಹಕ್ಕಿಯ ಫೋಟೊ ತೆಗೆಯೋಕೆ ಎಲ್ಲಿಗೆ ಹೋಗಲಿ ಅಂತ ಯಾರು ಕೇಳಿದರೂ ನಾನು ಹೇಳುವ ಹೆಸರು ಲಕ್ಕವಳ್ಳಿ. ತರೀಕೆರೆ ತಾಲ್ಲೂಕಿನ ಊರು. ಭದ್ರಾ ಅಣೆಕಟ್ಟು ಇರುವುದು ಇಲ್ಲೇ. ಅದರ ಹಿನ್ನೀರಿನ ದಡದಲ್ಲಿ ಜಂಗಲ್ ಲಾಡ್ಜಸ್‌ನವರ ರಿವರ್ ಟರ್ನ್ ಲಾಡ್ಜ್ ಇದೆ. ಜಂಗಲ್ ಲಾಡ್ಜಸ್ ಅಂದರೆ 1980ರಲ್ಲಿ ಶುರುವಾದ ರಾಜ್ಯ ಸರ್ಕಾರದ ಸಂಸ್ಥೆ, ಕಬಿನಿಯ ಲಾಡ್ಜೂ ಅವರದ್ದೇ. ಹುಲಿ ಕಂಡರೆ ಮಾತ್ರ ದುಡ್ಡು ವಸೂಲಾಯಿತು ಅನ್ನುವವರಿಗೆ ಈ ಜಾಗ ಬೇಡ. ಸುತ್ತ ಇರುವುದು ಭದ್ರಾ ಹುಲಿ ಮೀಸಲು ಪ್ರದೇಶ, ಹುಲಿಗಳೂ ಇವೆ. ಆದರೆ ಕಾಡು ದಟ್ಟ, ಅವು ಕಾಣುವುದು ಅಪರೂಪ. ಇಲ್ಲಿ ನೋಡಬೇಕಾದದ್ದು ನೀರಿನ ಮೇಲಿದೆ: ಲಾಡ್ಜಿಗೆ ಹೆಸರು ಕೊಟ್ಟ ರಿವರ್ ಟರ್ನ್ ಅನ್ನುವ, ಮೀನು ಹಿಡಿಯುವ ನೀರಹಕ್ಕಿ.

ಯಾವಾಗ ಹೋಗಬೇಕು ಅನ್ನುವುದೇ ಈ ಪ್ರವಾಸದ ಮುಖ್ಯ ಲೆಕ್ಕ. ಅದಕ್ಕೆ ಕ್ಯಾಲೆಂಡರ್‌ಗಿಂತ ಜಾಸ್ತಿ ಉಪಯೋಗಕ್ಕೆ ಬರುವುದು ಪೇಪರಿನಲ್ಲಿ ಬರುವ ಜಲಾಶಯದ ಮಟ್ಟ. ನಮ್ಮ ಅಪ್ಪ ಮಲೇಬೆನ್ನೂರು ಕಡೆಯ ಭತ್ತದ ರೈತ. ಭದ್ರಾ ಅಚ್ಚುಕಟ್ಟಿನ ಕೊನೆ ಭಾಗ ನಮ್ಮದು. ಬೆಳಗ್ಗೆ ಪೇಪರ್ ಬಂದ ಕೂಡಲೇ ಅವರು ಮೊದಲು ಹುಡುಕುವುದು ಭದ್ರಾ ಎಷ್ಟು ಅಡಿ ಇದೆ ಅಂತ. ಜಲಾಶಯದ ಗರಿಷ್ಠ ಮಟ್ಟ 186 ಅಡಿ. ಮಳೆಗಾಲ ಮುಗಿಯುವಾಗ ಡ್ಯಾಂ ತುಂಬಿ ನಿಂತಿರುತ್ತದೆ. ಆಮೇಲೆ ಬೇಸಿಗೆ ಬೆಳೆಗೆ ನೀರು ಬಿಡುವ ಬಗ್ಗೆ ಕಾಡಾ (ಅಚ್ಚುಕಟ್ಟು ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಮೀಟಿಂಗ್ ಆಗುತ್ತದೆ, ನಾಲೆಗೆ ನೀರು ಹರಿಯುತ್ತದೆ, ದಾವಣಗೆರೆ ಸೀಮೆಯ ಗದ್ದೆಗಳು ಹಸಿರಾಗುತ್ತವೆ. ಅತ್ತ ಹಿನ್ನೀರು ದಿನ ದಿನಕ್ಕೆ ಇಳಿಯುತ್ತದೆ. ಇಳಿದ ಹಾಗೆ ಒಳಗೆ ಮುಳುಗಿದ್ದ ದಿಬ್ಬಗಳು ಒಂದೊಂದಾಗಿ ತಲೆ ಎತ್ತುತ್ತವೆ. ಆ ಬೋಳು ನಡುಗಡ್ಡೆಗಳ ಮೇಲೆ ರಿವರ್ ಟರ್ನ್‌ಗಳು ಬಂದು ಮೊಟ್ಟೆ ಇಡುತ್ತವೆ. ಅಂದರೆ ನಮ್ಮ ನಾಲೆಗೂ ಆ ಹಕ್ಕಿಯ ಗೂಡಿಗೂ ನೇರ ಸಂಬಂಧ. ಅಪ್ಪ ಮೊದಲ ಸಲ ನೋಡಿದಾಗ ಹೇಳಿದ್ದೂ ಇದನ್ನೇ: "ನಮ್ ನಾಲೆಗೆ ನೀರು ಬಿಟ್ರೆ ಇಲ್ಲಿ ಇವಕ್ಕೆ ಜಾಗ ಆಗ್ತೈತಿ ನೋಡವ್ವ."

ಜನವರಿ, ಫೆಬ್ರವರಿಯಲ್ಲಿ ಟರ್ನ್‌ಗಳು ಸೇರಲು ಶುರು ಮಾಡುತ್ತವೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ ಒಳ್ಳೆಯ ಕಾಲ. ನಾನು ಟೀಚರ್, ಬೇಸಿಗೆ ರಜೆ ಇದಕ್ಕೆ ಸರಿಯಾಗಿ ಕೂಡಿ ಬರುತ್ತದೆ. ಬಿಸಿಲು ಜೋರು, ಅದನ್ನು ತಡೆದುಕೊಳ್ಳಲೇಬೇಕು. ಭರಣಿ ಮಳೆ ಹೊತ್ತಿಗೆ ಸಂಜೆ ಗುಡುಗು ಸಿಡಿಲು ಇರುತ್ತದೆ, ಸಿಡಿಲಿದ್ದರೆ ನೀರಿಗೆ ಇಳಿಯುವ ಮಾತೇ ಇಲ್ಲ. ಹಾಗಾಗಿ ಏಪ್ರಿಲ್ ಮೊದಲರ್ಧ ನನ್ನ ಆಯ್ಕೆ. ಆ ಹೊತ್ತಿಗೆ ಕೆಲವು ಜೋಡಿಗಳು ಇನ್ನೂ ಸರಸದಲ್ಲಿರುತ್ತವೆ, ಕೆಲವು ಮೊಟ್ಟೆಗೆ ಕೂತಿರುತ್ತವೆ, ಕೆಲವು ಮರಿಗೆ ಮೀನು ತರುತ್ತಿರುತ್ತವೆ. ಎಲ್ಲವೂ ಒಂದೇ ಕಡೆ ನೋಡಲು ಸಿಗುತ್ತದೆ.

ಹಕ್ಕಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಬೂದು ಬೆನ್ನು, ಬಿಳಿ ಹೊಟ್ಟೆ, ಹಣೆಯಿಂದ ಕುತ್ತಿಗೆವರೆಗೆ ಕಪ್ಪು ಟೋಪಿ, ಅರಿಶಿನ ಬಣ್ಣದ ಕೊಕ್ಕು, ಕೆಂಪು ಕಾಲು, ಎರಡಾಗಿ ಸೀಳಿದ ಉದ್ದ ಬಾಲ. ಗೂಡು ಅಂತ ಕಟ್ಟುವುದಿಲ್ಲ. ನೆಲವನ್ನು ಸ್ವಲ್ಪ ಕೆರೆದು ಅಲ್ಲೇ ಎರಡು ಮೂರು ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲೆ ಕಂದು ಚುಕ್ಕೆಗಳು, ಕಲ್ಲಿನ ಮಧ್ಯೆ ಇದ್ದರೆ ಕಣ್ಣಿಗೇ ಬೀಳುವುದಿಲ್ಲ. ನದಿ ದಡಗಳಲ್ಲಿ ನಾಯಿ, ದನ, ಮರಳು ತೆಗೆಯುವವರು ಇವನ್ನು ಬಾಳಗೊಡುವುದಿಲ್ಲ. 2020ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಈ ಹಕ್ಕಿಯನ್ನು ವಲ್ನರಬಲ್, ಅಂದರೆ ಅಳಿವಿನ ಅಪಾಯ ಇರುವ ಜೀವಿಗಳ ಪಟ್ಟಿಗೆ ಸೇರಿಸಿತು. ಸುತ್ತ ನೀರಿರುವ ಇಂಥ ದಿಬ್ಬಕ್ಕೆ ನಾಯಿ ಬರುವುದಿಲ್ಲ. ಅದಕ್ಕೇ ಭದ್ರಾ ಹಿನ್ನೀರು ಇವಕ್ಕೆ ಅಷ್ಟು ಮುಖ್ಯ. ಸಾವಿರಾರು ಹಕ್ಕಿ ಒಟ್ಟಿಗೆ ಕೂಗುವ ಸದ್ದು ದೂರದಿಂದಲೇ ಕೇಳುತ್ತದೆ.

ಬುಕಿಂಗ್ ವಿಷಯ. ಜಂಗಲ್ ಲಾಡ್ಜಸ್ ವೆಬ್‌ಸೈಟಿನಲ್ಲೇ ಮಾಡಬಹುದು. ದರ ರೂಮಿನ ಲೆಕ್ಕದಲ್ಲಿ ಅಲ್ಲ, ತಲೆ ಲೆಕ್ಕದಲ್ಲಿ. ಅದರಲ್ಲಿ ಉಳಿಯುವುದು, ಊಟ, ತಿಂಡಿ, ಸಫಾರಿ ಎಲ್ಲ ಸೇರಿರುತ್ತದೆ. ಮೊದಲು ನೋಡಿದಾಗ ಜಾಸ್ತಿ ಅನಿಸುತ್ತದೆ. ಎಲ್ಲವನ್ನೂ ಬಿಡಿಸಿ ಲೆಕ್ಕ ಹಾಕಿದರೆ ನ್ಯಾಯವಾದ ದರ ಅನ್ನುವುದು ನನ್ನ ಅಭಿಪ್ರಾಯ. ಕ್ಯಾಮೆರಾಗೆ ಬೇರೆ ಶುಲ್ಕ ಇದೆ, ಲೆನ್ಸ್ ದೊಡ್ಡದಾದಷ್ಟೂ ಜಾಸ್ತಿ. ಮಧ್ಯಾಹ್ನ ಹೋಗಿ ಸೇರಿದರೆ ಸಂಜೆ ಒಂದು ಸಫಾರಿ, ಮರುದಿನ ಬೆಳಗ್ಗೆ ಇನ್ನೊಂದು. ಒಂದು ಜೀಪು, ಒಂದು ಬೋಟು. ಫೋಟೊಗೆ ಅಂತಲೇ ಹೋಗುವವರು ಎರಡು ರಾತ್ರಿ ಉಳಿಯಿರಿ. ಒಂದೇ ರಾತ್ರಿಯಾದರೆ ಬೋಟು ಸಿಗುವುದು ಒಂದೇ ಸಲ. ಆ ಹೊತ್ತಿಗೆ ಮೋಡ ಕವಿದರೆ ಅಷ್ಟೇ. ಬುಕ್ ಮಾಡಿದ ಮೇಲೆ ಫೋನ್ ಮಾಡಿ, ನಾವು ಬರುವುದು ಟರ್ನ್‌ಗಾಗಿ, ಜೀಪಿಗಿಂತ ಬೋಟು ಜಾಸ್ತಿ ಬೇಕು ಅಂತ ಮೊದಲೇ ಹೇಳಿಡಿ. ಶನಿವಾರ, ಭಾನುವಾರ ಆದಷ್ಟು ಬೇಡ.

ದಾವಣಗೆರೆಯಿಂದ ನಾವು ಚನ್ನಗಿರಿ, ಭದ್ರಾವತಿ ದಾಟಿ ಹೋಗುತ್ತೇವೆ. ಬೆಂಗಳೂರು ಕಡೆಯಿಂದ ಬರುವವರು ಶಿವಮೊಗ್ಗ ರೈಲು ಹತ್ತಿ ತರೀಕೆರೆಯಲ್ಲೋ ಭದ್ರಾವತಿಯಲ್ಲೋ ಇಳಿದರೆ ಸಾಕು. ಅಲ್ಲಿಂದ 20 ಕಿಲೋಮೀಟರ್ ಆಸುಪಾಸು.

ಇನ್ನು ಬೋಟು. ಈ ಜಾಗವನ್ನು ನಾನು ಇಷ್ಟು ಹೊಗಳುವುದು ಬೋಟ್ ಓಡಿಸುವವರಿಂದಾಗಿ. ಅವರು ಹಕ್ಕಿಯ ಕಡೆಗೆ ನೇರ ನುಗ್ಗಿಸುವುದಿಲ್ಲ. ಮೊದಲು ದೂರದಲ್ಲೇ ವೇಗ ಇಳಿಸುತ್ತಾರೆ. ನೀರಿನ ಮೇಲಿನ ಅಲೆ ನೋಡಿ ಗಾಳಿ ಯಾವ ಕಡೆಯಿಂದ ಅಂತ ಲೆಕ್ಕ ಹಾಕುತ್ತಾರೆ. ಗಾಳಿ ಬರುವ ಕಡೆಗೆ ಸುತ್ತು ಹಾಕಿ ಹೋಗಿ, ಅಲ್ಲಿ ಎಂಜಿನ್ ನಿಲ್ಲಿಸುತ್ತಾರೆ. ಆಮೇಲೆ ಬೋಟು ತಾನಾಗಿ, ಗಾಳಿಗೆ ಮೆಲ್ಲಗೆ ಜಾರುತ್ತಾ ದಿಬ್ಬದ ಕಡೆ ಬರುತ್ತದೆ. ಎಷ್ಟು ದೂರ ಬೇಕೋ ಅಷ್ಟಕ್ಕೆ ಒಂದು ಹುಟ್ಟು ಹಾಕಿ ತಡೆಯುತ್ತಾರೆ. ಇದರಲ್ಲಿ ಎರಡು ಲಾಭ. ಸದ್ದಿಲ್ಲದ್ದರಿಂದ ಹಕ್ಕಿಗಳು ಹೆದರುವುದಿಲ್ಲ. ಹಕ್ಕಿ ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಗಾಳಿ ನಮ್ಮ ಬೆನ್ನಿಗಿದ್ದರೆ ಹಕ್ಕಿಯ ಮುಖ ನಮ್ಮ ಕಡೆಗೇ ಇರುತ್ತದೆ. ಸಂಜೆ ಗಾಳಿ ಪಡುವಣದಿಂದ ಬೀಸಿದರೆ ಬಿಸಿಲೂ ಬೆನ್ನ ಹಿಂದೆಯೇ. ಮುಖಕ್ಕೆ ಬೆಳಕು, ಕಣ್ಣಲ್ಲಿ ಮಿಂಚು, ಎರಡೂ ಸಿಗುತ್ತವೆ. ಫೋಟೊ ತೆಗೆಯುವವರಿಗೆ ಇದಕ್ಕಿಂತ ಇನ್ನೇನು ಬೇಕು?

"ತಡೀರಿ ಮೇಡಂ, ಈಗ ತೆಗಿಬೇಡಿ. ಆ ಗಂಡು ಮೀನು ತಂದಿದೆ, ಇಲ್ಲೇ ಇಳೀತದೆ," ಅಂದರು ಬೋಟಿನ ಅಣ್ಣ. ಹಾಗೇ ಆಯಿತು. ಬೆರಳುದ್ದದ ಮೀನು, ಕೊಕ್ಕಿನಲ್ಲಿ ಅಡ್ಡ. ಹೆಣ್ಣಿನ ಪಕ್ಕಕ್ಕೆ ಇಳಿಯಿತು. ಕೂಡಲೇ ಕೊಡಲಿಲ್ಲ. ಕುತ್ತಿಗೆ ಚಾಚಿ, ರೆಕ್ಕೆ ಸ್ವಲ್ಪ ಇಳಿಬಿಟ್ಟು ಅವಳ ಸುತ್ತ ಸಣ್ಣ ಹೆಜ್ಜೆಯಲ್ಲಿ ನಡೆಯಿತು. ಅವಳು ಮೈ ತಗ್ಗಿಸಿ, ಬಾಯಿ ತೆರೆದು ಕೂಗುತ್ತಲೇ ಇದ್ದಳು. ಪಕ್ಕದ ಇನ್ನೊಂದು ಗಂಡು ಮೀನಿಗೆ ಬಾಯಿ ಹಾಕಲು ಬಂತು, ಇದು ಬೆನ್ನು ತಿರುಗಿಸಿತು. ಮತ್ತೆ ಒಂದು ಸುತ್ತು. ಕೊನೆಗೆ ಅವಳೇ ಕತ್ತು ಚಾಚಿ ಬಾಲದ ಕಡೆಯಿಂದ ಹಿಡಿದಳು. ಒಂದು ಗಳಿಗೆ ಮೀನಿನ ಎರಡು ತುದಿ ಇಬ್ಬರ ಕೊಕ್ಕಿನಲ್ಲಿತ್ತು. ಅಪ್ಪ ಬೈನಾಕ್ಯುಲರ್ ಇಳಿಸಲೇ ಇಲ್ಲ. ಅಣ್ಣ ಹುಟ್ಟನ್ನು ನೀರಿನಲ್ಲಿ ನಿಲ್ಲಿಸಿ ಹಿಡಿದೇ ಇದ್ದರು, ಬೋಟು ಒಂಚೂರೂ ತಿರುಗಲಿಲ್ಲ. ಆ ಕೈ ಅಷ್ಟು ಗಟ್ಟಿ ಇರದಿದ್ದರೆ ನನ್ನ ಆ ಸಾಲು ಫೋಟೊಗಳು ಸಿಗುತ್ತಿರಲಿಲ್ಲ.

ಅದೇ ಬೋಟಿನಲ್ಲಿ ನಮ್ಮ ಜೊತೆ ಒಂದು ಗುಂಪು ಇತ್ತು. ಎಲ್ಲವೂ ಒಟ್ಟಿಗೆ ಎದ್ದರೆ ಒಳ್ಳೆ ವಿಡಿಯೊ ಆಗುತ್ತದೆ, ಚಪ್ಪಾಳೆ ಹೊಡೆಯೋಣ ಅಂದರು. ದಿಬ್ಬಕ್ಕೆ ಇನ್ನೂ ಹತ್ತಿರ ಹೋಗಿ ಅಂತಲೂ ಒತ್ತಾಯ. ಅಣ್ಣ ದನಿ ಏರಿಸಲಿಲ್ಲ. "ಬ್ಯಾಡ ಸರ್. ಮೊಟ್ಟೆ ಇದಾವೆ. ತಾಯಿ ಎದ್ರೆ ಹದ್ದು ಬರ್ತದೆ," ಅಂದರು, ಅಷ್ಟೇ. ಅವರು ಮತ್ತೆ ಕೇಳಿದರು. ಇವರು ಮತ್ತೆ ಬೇಡ ಅಂದರು, ಬೋಟನ್ನು ಸ್ವಲ್ಪ ಹಿಂದಕ್ಕೇ ತಂದರು. ನನಗೆ ಆ ಕ್ಷಣ ಅವರ ಮೇಲೆ ಬಂದ ಗೌರವ ಹೇಳತೀರದು. ದುಡ್ಡು ಕೊಟ್ಟ ಗಿರಾಕಿಗೆ ಬೇಡ ಅನ್ನುವುದು ಸುಲಭ ಅಲ್ಲ. ಏಪ್ರಿಲ್ ಬಿಸಿಲಿನಲ್ಲಿ ಟರ್ನ್‌ಗಳು ಮೊಟ್ಟೆಯ ಮೇಲೆ ಕೂರುವುದು ಕಾವಿಗಿಂತ ಜಾಸ್ತಿ ನೆರಳಿಗೆ. ತಾಯಿ ಎದ್ದು ಹೋದರೆ ಕಾದ ನೆಲದ ಮೇಲೆ ಮೊಟ್ಟೆ ಸುಟ್ಟೇ ಹೋಗುತ್ತದೆ, ಅಥವಾ ಹದ್ದು, ಕಾಗೆಯ ಪಾಲಾಗುತ್ತದೆ. ನಮ್ಮ ಒಂದು ವಿಡಿಯೊಗಾಗಿ ಒಂದು ಇಡೀ ಸಾಲು ಗೂಡು ಹಾಳಾಗುವುದು ಯಾವ ನ್ಯಾಯ? ಹೊಸದಾಗಿ ಹೋಗುವವರು ದಯವಿಟ್ಟು ಇದನ್ನು ನೆನಪಿಡಿ. ದಿಬ್ಬದ ಮೇಲೆ ಇಳಿಸಿ ಅಂತ ಕೇಳಬೇಡಿ. ಡ್ರೋನ್ ಅಂತೂ ಬ್ಯಾಗಿಗೇ ಹಾಕಬೇಡಿ. ಬೇಡ ಅನ್ನುವ ಡ್ರೈವರ್ ಸಿಕ್ಕರೆ ಅವರ ಪರವಾಗಿ ಬೋಟಿನಲ್ಲಿ ಒಂದು ಮಾತು ಆಡಿ. ವಾಪಸ್ ಬಂದ ಮೇಲೆ ಮ್ಯಾನೇಜರ್ ಹತ್ತಿರವೂ ಹೇಳಿ. ನಾನು ಅಭಿಪ್ರಾಯ ಪುಸ್ತಕದಲ್ಲಿ ಬರೆದೇ ಬಂದೆ.

ಕ್ಯಾಮೆರಾ ಕಡೆಗೆ ಬರೋಣ. ಬೋಟಿನಲ್ಲಿ ಟ್ರೈಪಾಡ್ ದಂಡ. ಕಂಬಿಯ ಮೇಲೆ ಲೆನ್ಸ್ ಇಟ್ಟರೂ ಎಂಜಿನ್ ಓಡುವಾಗ ಅದರ ನಡುಕ ನೇರ ಕ್ಯಾಮೆರಾಗೆ ಬರುತ್ತದೆ. ಕೈಯಲ್ಲೇ ಹಿಡಿಯಿರಿ, ಮೊಣಕೈ ಪಕ್ಕೆಗೆ ಒತ್ತಿಕೊಳ್ಳಿ. 100-400 ಅಥವಾ 150-600 ಎಂಎಂ ಜೂಮ್ ಸರಿಹೋಗುತ್ತದೆ. ದೊಡ್ಡ ಪ್ರೈಮ್ ಲೆನ್ಸ್ (ಜೂಮ್ ಆಗದ್ದು) ಇದ್ದರೂ ಇಲ್ಲಿ ಜೂಮೇ ವಾಸಿ, ಏಕೆಂದರೆ ಹಕ್ಕಿ ಒಮ್ಮೆ ದೂರ, ಒಮ್ಮೆ ತಲೆ ಮೇಲೆ. ಶಟರ್ ವೇಗ 1/2500 ಸೆಕೆಂಡ್‌ಗಿಂತ ಕೆಳಗೆ ಇಳಿಸಬೇಡಿ. ಟರ್ನ್ ನೀರಿಗೆ ಧುಮುಕುವ ವೇಗಕ್ಕೆ 1/3200 ಇದ್ದರೆ ಇನ್ನೂ ಒಳ್ಳೆಯದು. ಹಿಂದೆ ಕಾಡಿನ ಕಡು ಹಸಿರು ಬಂದಾಗ ಕ್ಯಾಮೆರಾ ಮೋಸ ಹೋಗಿ ಬಿಳಿ ಹೊಟ್ಟೆಯನ್ನು ಸುಟ್ಟುಬಿಡುತ್ತದೆ, ಆಗ ಎಕ್ಸ್‌ಪೋಷರ್ (ಫೋಟೊಗೆ ಬೀಳುವ ಬೆಳಕು) ಸುಮಾರು ಮುಕ್ಕಾಲು ಸ್ಟಾಪ್ ಇಳಿಸಿ. ಹಿಂದೆ ಆಕಾಶ ಬಂದರೆ ಉಲ್ಟಾ, ಏರಿಸಿ. ಕಪ್ಪು ಟೋಪಿಯೊಳಗೆ ಕಪ್ಪು ಕಣ್ಣು, ಬೆಳಕು ಸರಿಯಾದ ಕೋನದಲ್ಲಿ ಬೀಳದಿದ್ದರೆ ಕಣ್ಣೇ ಕಾಣುವುದಿಲ್ಲ. ಹಕ್ಕಿ ತಲೆ ಸ್ವಲ್ಪ ತಿರುಗಿಸುವವರೆಗೆ ಕಾಯಿರಿ.

ಲೆನ್ಸ್ ಬಾಡಿಗೆಗೆ ತರುವವರಿಗೆ ಒಂದು ಮಾತು. ಒಂದು ಅಂಗಡಿಯಿಂದ ನನಗೆ ಬಂದ ಲೆನ್ಸಿನ ಒಳಗಾಜಿನಲ್ಲಿ ಫಂಗಸ್ ಇತ್ತು. ನಾನು ಅಂಗಡಿಯಲ್ಲೇ ಟಾರ್ಚ್ ಬಿಟ್ಟು ನೋಡಿ ಹಿಂದಿರುಗಿಸಿದೆ. ಅವರು ಎರಡು ದಿನದ ಬಾಡಿಗೆ ಮುರಿದುಕೊಂಡೇ ಉಳಿದದ್ದು ಕೊಟ್ಟರು. ತುಂಬಾ ಬೇಜಾರಾಯಿತು. ಬಾಡಿಗೆ ಲೆನ್ಸನ್ನು ಹೊರಡುವ ಹಿಂದಿನ ದಿನ ತೆಗೆದುಕೊಳ್ಳಿ, ಹತ್ತು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಜೀಪಿಗೆ ಖಾಲಿ ಬೀನ್ ಬ್ಯಾಗ್ (ಲೆನ್ಸ್ ಊರಲು ಇಡುವ ಚೀಲ) ತಂದರೆ ಸಾಕು, ತರೀಕೆರೆಯ ಯಾವುದೇ ದಿನಸಿ ಅಂಗಡಿಯಲ್ಲಿ ಎರಡು ಕೆಜಿ ಅಕ್ಕಿ ತುಂಬಿಸಿಕೊಳ್ಳಬಹುದು. ಧೂಳಿಗೆ ಒಂದು ಹಳೆ ಟವೆಲ್, ಬೋಟಿಗೆ ಒಂದು ಪ್ಲಾಸ್ಟಿಕ್ ಕವರ್, ಲೈಫ್ ಜಾಕೆಟ್ ಕೆಳಗೆ ತೆಳು ಹತ್ತಿ ಬಟ್ಟೆ.

ಜೀಪು ಸಫಾರಿ ಬೇರೆಯೇ ಅನುಭವ. ಈ ಕಾಡು 1951ರಲ್ಲಿ ಜಾಗರ ಕಣಿವೆ ಅಭಯಾರಣ್ಯ ಅಂತ ಶುರುವಾಯಿತು, 1974ರಲ್ಲಿ ಭದ್ರಾ ಹೆಸರು ಬಂತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಒಳಗೆ ಊರುಗಳಿದ್ದವು. 2000ದ ಆಸುಪಾಸಿನಲ್ಲಿ 400ಕ್ಕೂ ಹೆಚ್ಚು ಕುಟುಂಬಗಳು ಗದ್ದೆ, ಮನೆ ಬಿಟ್ಟು ಹೊರಗೆ ಬಂದವು. ಅನೇಕರಿಗೆ ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಯಲ್ಲಿ ಜಮೀನು ಕೊಟ್ಟರು. ಅವರು ಬಿಟ್ಟು ಬಂದ ಗದ್ದೆ ಬಯಲುಗಳಲ್ಲಿ ಈಗ ಹುಲ್ಲು ಬೆಳೆದಿದೆ. ಕಾಟಿಗಳು ಮೇಯುವುದು ಅಲ್ಲೇ. ಹಳೆಯ ಗದ್ದೆಯ ಬದು ಇನ್ನೂ ಗೊತ್ತಾಗುತ್ತದೆ. ಅಪ್ಪ ಅದನ್ನು ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಷ್ಟು ನೀರಿರೋ ಗದ್ದೆ ಬಿಟ್ಟು ಬರೋದು ಸಣ್ಣ ಮಾತಲ್ಲ," ಅಂದರು. ನಾವು ಫೋಟೊ ತೆಗೆಯುವ ಈ ಕಾಡಿನ ನೆಮ್ಮದಿಯಲ್ಲಿ ಆ ಜನರ ಪಾಲು ದೊಡ್ಡದು. ಗೈಡ್‌ಗಳು ಇದನ್ನು ಇನ್ನೂ ಬಿಡಿಸಿ ಹೇಳಬೇಕು ಅನ್ನುವುದು ನನ್ನ ಆಸೆ.

ಜೀಪಿನಲ್ಲಿ ಆರೇಳು ಜನ ಒಟ್ಟಿಗೆ. ಬೇಕಾದ ಸೀಟು ಸಿಗುತ್ತದೆ ಅಂತ ಇಲ್ಲ. ಕಾಟಿ, ಜಿಂಕೆ, ಕಡವೆ, ನವಿಲು, ಕೆಂದಳಿಲು ಕಾಣುವ ಸಾಧ್ಯತೆ ಚೆನ್ನಾಗಿದೆ. ದಾರಿ ಕುಲುಕುತ್ತದೆ. ಮಂಡಿ ನೋವು, ಸೊಂಟ ನೋವು ಇರುವ ಹಿರಿಯರಿಗೆ ಬೋಟೇ ಸುಖ. ಬೋಟು ಹತ್ತುವಾಗ ಇಳಿಯುವಾಗ ಕೈ ಹಿಡಿಯುತ್ತಾರೆ. "ಯಜಮಾನ್ರೇ, ಅವಸರ ಬೇಡ, ಮೊದ್ಲು ಈ ಕಾಲು ಇಡಿ," ಅಂತ ಅಪ್ಪನಿಗೆ ನಿಧಾನಕ್ಕೆ ಹೇಳಿ ಕೂರಿಸಿದರು.

ರೂಮು ಶುಚಿ, ಹೊರಗೆ ಕೂತರೆ ನೀರು ಕಾಣುತ್ತದೆ. ಬೆಳಗಿನ ಜಾವ ಅಲ್ಲಿ ಕೂತೇ ಅರ್ಧ ಹಕ್ಕಿ ಪಟ್ಟಿ ಆಗುತ್ತದೆ. ಊಟ ಗೋಲ್ ಘರ್ ಅನ್ನುವ ದುಂಡನೆಯ ಹಾಲಿನಲ್ಲಿ, ನಾವೇ ಬಡಿಸಿಕೊಳ್ಳುವುದು. ಮನೆ ಊಟದ ರುಚಿ ಇದೆ, ಖಾರ ಕಮ್ಮಿ. ನಮ್ಮ ಕಡೆಯವರಿಗೆ ರೊಟ್ಟಿ ಚಟ್ನಿಪುಡಿ ನೆನಪಾಗಬಹುದು, ಒಂದು ಡಬ್ಬಿ ತಂದರೆ ನಷ್ಟವಿಲ್ಲ.

ಬೇರೆ ಜಾಗಗಳ ಜೊತೆ ಹೋಲಿಸಿ ಅನ್ನುವವರಿಗೆ: ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿನಲ್ಲೂ ಟರ್ನ್‌ಗಳು ಬಂಡೆ ಮೇಲೆ ಮೊಟ್ಟೆ ಇಡುತ್ತವೆ. ಖರ್ಚು ಕಮ್ಮಿ, ಬೆಳಗ್ಗೆ ಹೋಗಿ ಸಂಜೆ ಬರಬಹುದು. ಆದರೆ ಜನ ಜಾಸ್ತಿ, ಇಷ್ಟು ದೊಡ್ಡ ಗುಂಪೂ ಅಲ್ಲಿ ಸಿಗುವುದಿಲ್ಲ. ಕೈ ಪಳಗಿಸಲು ಮೊದಲು ಅಲ್ಲಿಗೆ ಹೋಗುವುದು ಒಳ್ಳೆಯ ಯೋಚನೆ. ಕಬಿನಿ ಬೋಟಿನಲ್ಲಿ ಬೇಸಿಗೆಯ ಆನೆಗಳು ಚೆಂದ, ಖರ್ಚು ಮಾತ್ರ ಇನ್ನೂ ಮೇಲೆ. ಮುತ್ತೋಡಿ ಇದೇ ಭದ್ರಾ ಕಾಡಿನ ಚಿಕ್ಕಮಗಳೂರು ಬದಿ. ಮರಗಳು ಅದ್ಭುತ, ಆದರೆ ಅಲ್ಲಿ ಈ ಬೋಟೂ ಇಲ್ಲ, ಟರ್ನೂ ಇಲ್ಲ.

ಮಳೆಗಾಲದಲ್ಲಿ ಹೋಗಬಹುದಾ ಅಂತ ನನ್ನ ಸಹೋದ್ಯೋಗಿಗಳು ಕೇಳುತ್ತಿರುತ್ತಾರೆ. ಜೂನ್ ಕಳೆದು ನೀರು ಏರಿದರೆ ದಿಬ್ಬಗಳು ಮುಳುಗುತ್ತವೆ, ಟರ್ನ್‌ಗಳು ಚದುರಿ ಹೋಗುತ್ತವೆ. ಹಸಿರು ನೋಡಲು, ಸುಮ್ನೆ ಕೂತು ಮಳೆ ನೋಡಲು ಆಗಲೂ ಚೆನ್ನ. ಫೋಟೊ ಬೇಕು ಅಂದರೆ ಆ ತಿಂಗಳುಗಳಲ್ಲಿ ಶಿವಮೊಗ್ಗ ದಾಟಿ ತೀರ್ಥಹಳ್ಳಿ ದಾರಿಯ ಮಂಡಗದ್ದೆಗೆ ಹೋಗಿ. ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟಿರುತ್ತವೆ. ರಸ್ತೆ ಪಕ್ಕದಲ್ಲೇ ಇರುವ ವೀಕ್ಷಣಾ ಗೋಪುರದಿಂದಲೇ ತೆಗೆಯಬಹುದು, 400 ಎಂಎಂ ಲೆನ್ಸ್ ಸಾಕು.